ಹಿಂದಕ್ಕೆ ತಗೊಳ್ಳಿ

ನಾನು ಜೀವನದಲ್ಲಿ ಕೈ ಎತ್ತಿದ್ದು ಎರಡೇ ಸಲ. ಮೊದಲ ಸಲ ಎತ್ತಿದ್ದು ವಾಚನಾಲಯದ ಸಭೆಯಲ್ಲಿ, ಬರೀ ಬಲಗೈ. ಎರಡನೇ ಸಲ ಎತ್ತಿದ್ದು ಸಾರಿಗೆ ಕಚೇರಿಯಲ್ಲಿ, ಎರಡೂ ಕೈ, ಮತ್ತು ಅದು ಬೇರೆ ಅರ್ಥದ್ದು. ಎರಡರ ನಡುವೆ ಎರಡು ತಿಂಗಳ ಅಂತರ. ಆ ಎರಡು ತಿಂಗಳಲ್ಲಿ ನನ್ನ ಕೂದಲು ಎಷ್ಟು ಉದುರಿತೆಂದು ನಮ್ಮ ಬೀದಿಯ ಕ್ಷೌರಿಕನನ್ನು ಕೇಳಿ, ಅವನು ಸಂತೋಷದಿಂದ ಹೇಳುತ್ತಾನೆ.

ವಾಚನಾಲಯದಲ್ಲಿ ನನ್ನದು ಪುಸ್ತಕ ರಿಪೇರಿ ಕೆಲಸ. ಹರಿದ ಹಾಳೆಗೆ ಅಂಟು, ಕಿತ್ತುಬಂದ ಬೆನ್ನಿಗೆ ಬಟ್ಟೆ, ಗಿರಾಕಿಗಳು ಕಿವಿ ಮಡಚಿದ ಪುಟಗಳಿಗೆ ಇಸ್ತ್ರಿ. ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಮೇಜು, ಒಂದೇ ಅಂಟಿನ ಡಬ್ಬಿ. ನಾನು ಅಂಟಿಸಿದ್ದು ಬಿಟ್ಟುಕೊಂಡ ಉದಾಹರಣೆ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ.

ಒಂದು ದಿನ ಎಂಜಿನಿಯರ್ ಒಬ್ಬರು ಬಂದು ಗೋಡೆಯ ಬಿರುಕಿಗೆ ಕೈ ಹಾಕಿ ನೋಡಿದರು. ಕೈ ಮೊಣಕೈವರೆಗೆ ಹೋಯಿತು. ಕಟ್ಟಡ ಮುಚ್ಚಬೇಕೆಂದು ಬರೆದುಕೊಟ್ಟು ಓಡಿಹೋದರು. ನಮ್ಮ ಮುಖ್ಯಸ್ಥೆ ಮೇಡಂ ಸಭೆ ಕರೆದರು. ಸಭೆ ಅಂದರೆ ಮೇಡಂ, ನಾನು ಮತ್ತು ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರುವ ನಿದ್ದೆರಾಯ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

"ಇನ್ನೆರಡು ತಿಂಗಳು ಕಳೆದ ಮೇಲೆ, ಒಂದನೇ ತಾರೀಖಿಂದ ವಾಚನಾಲಯ ಒಂದು ವ್ಯಾನಿನಲ್ಲಿ ನಡೆಯುತ್ತೆ," ಎಂದರು ಮೇಡಂ. "ವ್ಯಾನಿಗೆ ಒಬ್ಬರೇ. ಅವರೇ ಓಡಿಸಬೇಕು, ಅವರೇ ಪುಸ್ತಕ ಕೊಡಬೇಕು, ಅವರೇ ರಿಪೇರಿ ಮಾಡಬೇಕು. ಇನ್ನೊಬ್ಬರು ಹಳೇ ಪುಸ್ತಕದ ಗೋದಾಮಿಗೆ ಹೋಗಬೇಕಾಗುತ್ತೆ. ಯಾರಿಗೆ ಗಾಡಿ ಓಡಿಸೋಕೆ ಬರುತ್ತೆ?"

ಗೋದಾಮು ಬಸ್ಸಿನಲ್ಲಿ ಮೂರೂವರೆ ತಾಸಿನ ದೂರ. ಅದೂ ನೆಲಮಾಳಿಗೆ. ನಿದ್ದೆರಾಯ ನನ್ನ ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಶಾಂತವಾಗಿ ಮಲಗಿದ್ದ. ನಾನು ಕೈ ಎತ್ತಿದೆ.

ನನಗೆ ಗಾಡಿ ಬರುತ್ತಿರಲಿಲ್ಲ ನಿಜ. ಆದರೆ ಚಾಲನೆ ಕಲಿಸುವ ಒಂದು ಕೈಪಿಡಿಯನ್ನು ಮೂರು ಸಲ ರಿಪೇರಿ ಮಾಡಿದ್ದೆ, ಮೂರು ಸಲವೂ ಓದಿದ್ದೆ. ಪುಸ್ತಕ ಬಂದಮೇಲೆ ಗಾಡಿ ಬರುವುದು ಎಷ್ಟು ಹೊತ್ತು ಅಂದುಕೊಂಡೆ. "ಲೈಸೆನ್ಸ್ ಇದೆಯಾ?" ಎಂದು ಮೇಡಂ ಕೇಳಿದರು. "ಮಾಡಿಸ್ಕೋತೀನಿ ಮೇಡಂ," ಎಂದೆ, ಅಂಗಿಗೆ ಗುಂಡಿ ಹಾಕಿಸಿಕೊಳ್ಳುತ್ತೇನೆ ಅನ್ನುವಷ್ಟು ಸಲೀಸಾಗಿ.

ಮನೆಯಲ್ಲಿ ಹೆಂಡತಿ ಹೊಲಿಯುತ್ತಿದ್ದಳು. ಅವಳು ಬೀದಿಯ ಎಲ್ಲರಿಗೂ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಗೋಡೆ ತುಂಬ ಬೇರೆಯವರ ಅಳತೆ. ನಾನು ವಿಷಯ ಹೇಳಿದೆ. ಮೆಷಿನ್ನು ನಿಂತಿತು.

"ನಿಮಗೆ ಸೈಕಲ್ಲೇ ಬರಲ್ಲವಲ್ಲ ರೀ."

"ಕಾರಿಗೆ ನಾಲ್ಕು ಚಕ್ರ ಇರುತ್ತೆ ಕಣೆ. ಬೀಳಲ್ಲ."

ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಆಗದೇ ಹೋದರೆ ನಾನು ನಿಮ್ಮ ಜೊತೆ ಆ ಊರಿಗೆ ಬರೋಕಾಗಲ್ಲ. ಇಪ್ಪತ್ತು ವರ್ಷ ಕಷ್ಟಪಟ್ಟು ಮಾಡ್ಕೊಂಡ ಗಿರಾಕಿಗಳನ್ನ ಡಬ್ಬಿಲಿ ಹಾಕ್ಕೊಂಡು ಹೋಗೋಕಾಗುತ್ತಾ? ನೀವಲ್ಲಿ, ನಾನಿಲ್ಲಿ. ವಾರಕ್ಕೊಂದು ಸಲ ಬಂದು ನೆಂಟರ ಹಾಗೆ ಕೂತು ಹೋಗ್ತೀರಿ."

ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಇರುವುದು ಇಬ್ಬರು ಮತ್ತು ಎರಡು ಮೆಷಿನ್ನು. ಅದರಲ್ಲಿ ಒಬ್ಬನನ್ನು ತೆಗೆದರೆ ಏನುಳಿಯುತ್ತದೆ ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ. ಮರುದಿನವೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಡ್ರೈವಿಂಗ್ ಮೇಷ್ಟ್ರು ಒಂದು ತಿಂಗಳು ಕಲಿಸಿದರು. ನಾನು ಅದ್ಭುತವಾಗಿ ಓಡಿಸಿದೆ. ಗಾಡಿ ಬೇಕಾದಲ್ಲಿ ನಿಲ್ಲುತ್ತಿತ್ತು, ಬೇಕಾದಾಗ ಹೊರಡುತ್ತಿತ್ತು. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು, ನಾನು ನೋಡದವನಂತೆ ಮುಂದೆ ನೋಡುತ್ತಿದ್ದೆ. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಕೆಳಗೂ ಒಂದು ಜೊತೆ ಪೆಡಲ್ ಇರುತ್ತದೆಂದು, ತಿಂಗಳಿಡೀ ಓಡಿಸಿದ್ದು ಅವರ ಕಾಲುಗಳೆಂದು ನನಗೆ ಗೊತ್ತಾದದ್ದು ಪರೀಕ್ಷೆಯ ದಿನ, ಅವರು ಇಳಿದು ಇನ್ಸ್‌ಪೆಕ್ಟರು ಹತ್ತಿದ ಮೇಲೆ.

ಈ ಇನ್ಸ್‌ಪೆಕ್ಟರು ಸಣಕಲು ಮನುಷ್ಯ. ಪೆನ್ನನ್ನು ದಾರದಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಎಂದೂ ದನಿ ಏರಿಸುವವರಲ್ಲ. "ಸ್ಟಾರ್ಟ್ ಮಾಡಿ" ಎಂದರು. ಮಾಡಿದೆ. ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ಏಳನೇ ಸಲ ಗಾಡಿ ಒಮ್ಮೆ ಕುಪ್ಪಳಿಸಿ ನಿಂತಾಗ ಇನ್ಸ್‌ಪೆಕ್ಟರ ಕನ್ನಡಕ ಅವರ ಮಡಿಲಿಗೆ ಬಂತು. ಅವರು ಅದನ್ನು ಒರೆಸಿ ಹಾಕಿಕೊಂಡು, "ಇಳೀರಿ" ಎಂದರು.

ಬೀದಿಗೆ ಸುದ್ದಿ ನನಗಿಂತ ಮೊದಲು ತಲುಪಿತ್ತು. "ಮೊದಲ ಸಲ ಯಾರೂ ಪಾಸಾಗಲ್ಲ ಬಿಡಿ," ಎಂದ ಕ್ಷೌರಿಕ. "ನಮ್ಮ ತಮ್ಮ ಮೊದಲ ಸಲಕ್ಕೇ ಆದನಪ್ಪ," ಎಂದಳು ಮಹಡಿ ಮನೆಯ ಅತ್ತೆ, ನಮಗೆ ಬೇಸರವಾಗಬಾರದೆಂದು ಮೆಲ್ಲಗೆ, ಇಡೀ ಬೀದಿಗೆ ಕೇಳುವಷ್ಟು ಮೆಲ್ಲಗೆ.

ಆಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿತು. ಅದು ಕಲಂ ಮಾವ.

ಕಲಂ ಮಾವ ಪಕ್ಕದ ಮನೆಯವರು. ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾರಿಗೆ ಮಾವ ಎಂದು ಯಾರಿಗೂ ಗೊತ್ತಿಲ್ಲ, ಬೀದಿಗೇ ಮಾವ. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಅದು ಯಾವ ಕಲಮಿನ ಕೆಳಗೆ ಬರುತ್ತದೆಂದು ಹೇಳಬಲ್ಲವರು. ಅವರು ಬಂದವರೇ, "ನಪಾಸಾದದ್ದು ದೊಡ್ಡದಲ್ಲಪ್ಪ. ನಪಾಸಾದ ಮೇಲೆ ಏನು ಅನ್ನೋದಕ್ಕೆ ನಿಯಮ ಏನಿದೆ? ಅದನ್ನ ನೋಡಿದ್ಯಾ?" ಎಂದರು.

ನೋಡಿರಲಿಲ್ಲ. ವಾಚನಾಲಯದಿಂದ ನಿಯಮಗಳ ಪುಸ್ತಕ ತಂದುಕೊಟ್ಟೆ. ಹಳೇ ಪ್ರತಿ, ನಾನೇ ಒಂದು ಸಲ ರಿಪೇರಿ ಮಾಡಿದ್ದು. ಮಾವ ಅದನ್ನು ಎರಡು ದಿನದಲ್ಲಿ ಅರೆದು ಕುಡಿದರು. ಮೊದಲ ಸಲ ನಪಾಸಾದರೆ ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ. ಎರಡನೇ ಸಲ ನಪಾಸಾದರೆ ಹದಿನೈದು ದಿನ. ಮೂರನೇ ಸಲ ನಪಾಸಾದರೆ ಆರು ತಿಂಗಳು ಆ ಕಚೇರಿಯ ಗೇಟು ದಾಟುವಂತಿಲ್ಲ, ಆಮೇಲೆ ಎಲ್ಲ ಮೊದಲಿನಿಂದ. ಮೂರು ಸಲವೂ ಅದೇ ಇನ್ಸ್‌ಪೆಕ್ಟರು.

"ಅಂದ್ರೆ ಒಂದನೇ ತಾರೀಖಿನೊಳಗೆ ಇನ್ನೆರಡೇ ಸಲ," ಎಂದಳು ಹೆಂಡತಿ. ಅವಳಿಗೆ ಬಟ್ಟೆಯ ಅಳತೆಯಂತೆ ದಿನದ ಅಳತೆಯೂ ಒಂದೇ ನೋಟಕ್ಕೆ ಸಿಗುತ್ತದೆ.

ಎರಡನೇ ಪರೀಕ್ಷೆಯಲ್ಲಿ ಗಾಡಿ ಹೊರಟಿತು. ನನಗೇ ಆಶ್ಚರ್ಯ. ತಿರುವು ದಾಟಿದೆ, ಇಳಿಜಾರು ದಾಟಿದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರು, "ಮುಂದೆ ಯೀಲ್ಡ್ ಮಾಡಿ," ಎಂದರು. ಕೈಪಿಡಿಯಲ್ಲಿ ಆ ಪದ ಇರಲಿಲ್ಲ. ಯೀಲ್ಡ್ ಎಂಬ ಗುಂಡಿ ಎಲ್ಲಿದೆಯೆಂದು ಹುಡುಕಿದೆ. ಒಂದನ್ನು ಒತ್ತಿದೆ, ವೈಪರ್ ಆಡತೊಡಗಿತು. ಇನ್ನೊಂದನ್ನು ಒತ್ತಿದೆ, ಗಾಜಿಗೆ ನೀರು ಚಿಮ್ಮಿತು. ಈ ನಡುವೆ ಅಡ್ಡರಸ್ತೆಯಿಂದ ಬಂದ ಕಚೇರಿಯದೇ ಜೀಪಿಗೆ ನಾನು ದಾರಿ ಬಿಡಬೇಕಿತ್ತು ಎಂಬುದು, ಅದೇ ಯೀಲ್ಡ್ ಎಂಬುದು, ಆ ಜೀಪು ಹೂಕುಂಡಗಳ ಮೇಲೆ ಹತ್ತಿ ನಿಂತಮೇಲೆ ತಿಳಿಯಿತು.

"ಇದು ಅನ್ಯಾಯ," ಎಂದರು ಕಲಂ ಮಾವ. "ಗೊತ್ತಿಲ್ಲದ ಭಾಷೇಲಿ ಹೇಳಿ ನಪಾಸು ಮಾಡೋದು ಅಂದ್ರೇನು? ಅಲ್ಲಿ ಸಲಹಾ ಪುಸ್ತಕ ಇಟ್ಟಿರ್ತಾರೆ. ಹೋಗಿ ಬರಿ."

ಅವರೂ ಜೊತೆಗೆ ಬಂದು ಹೇಳುತ್ತಾ ಹೋದರು, ನಾನು ಬರೆದೆ. ಪರೀಕ್ಷೆಯ ಸೂಚನೆಗಳೆಲ್ಲ ಜನರ ಮಾತಿನಲ್ಲಿ ಇರಬೇಕೆಂದು, ಪರಭಾಷೆಯ ಪದಗಳಿಂದ ಬಡ ಅಭ್ಯರ್ಥಿಯ ಬಾಳು ಹಾಳಾಗದಿರಲೆಂದು ಒಂದೂವರೆ ಪುಟ. ಕೊನೆಗೆ ಭಯವಾಗಿ ಸಹಿಯನ್ನು ಮಾತ್ರ ಯಾರಿಗೂ ಓದಲಾಗದಂತೆ ಹಾಕಿದೆ. ಇದೂ ಮುಂದೆ ಬೇಕಾಗುತ್ತದೆ.

ಉಳಿದ ಹದಿನೈದು ದಿನ ನನ್ನನ್ನು ತಿದ್ದಿದವಳು ನನ್ನ ಹೆಂಡತಿ. ಅವಳು ಒಂದು ಮೆಷಿನ್ನಿನ ಮುಂದೆ ನನ್ನನ್ನು ಕೂರಿಸಿ, "ಇದರ ಪೆಡಲ್ ಮೇಲೆ ಕಾಲಿಡಿ. ಮೆತ್ತಗೆ ಒತ್ತಿ, ಮೆತ್ತಗೆ ಬಿಡಿ. ದಾರ ಹರೀಬಾರದು," ಎಂದಳು. ಮೊದಲ ಮೂರು ದಿನ ದಾರ ಹರಿಯಿತು, ಸೂಜಿ ಮುರಿಯಿತು, ಮಹಡಿ ಅತ್ತೆಯ ಹೊಸ ರವಿಕೆಗೆ ಎರಡೂ ತೋಳು ಒಂದೇ ಕಡೆ ಬಂತು. ನಾಲ್ಕನೇ ದಿನದಿಂದ ಕಾಲಿಗೆ ಬುದ್ಧಿ ಬಂತು. ಹತ್ತನೇ ದಿನ ನಾನು ಒಂದು ದಿಂಬಿನ ಚೀಲ ಪೂರ್ತಿ ಹೊಲಿದೆ. ಡ್ರೈವಿಂಗ್ ಮೇಷ್ಟ್ರು ತಮ್ಮ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತರು, ಗಾಡಿ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು.

"ಇನ್ನೇನಿಲ್ಲ ರೀ," ಎಂದಳು ಹೆಂಡತಿ. "ಅವರು ಹೇಳಿದ್ದನ್ನ ಕಿವಿಗೊಟ್ಟು ಕೇಳಿ. ಹೇಳಿದಷ್ಟೇ ಮಾಡಿ. ನೀವಾಗಿ ಏನೂ ಯೋಚಿಸಬೇಡಿ."

ಅದು ಸರಿಯಾದ ಮಾತು. ಆದರೆ ಹೊರಡುವಾಗ ಗೋಡೆಯ ಆಚೆ ಮತ್ತೆ ಕೆಮ್ಮು ಕೇಳಿತು.

"ಹದಿನಾಲ್ಕನೇ ಕಲಂ ನೋಡಿದೆ," ಎಂದರು ಮಾವ, ಪುಸ್ತಕ ತೆರೆದು. "ಏನು ಬರೆದಿದಾರೆ ಕೇಳು. 'ಅಭ್ಯರ್ಥಿಯು ತನ್ನ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಲ್ಲಿ ಆ ಪ್ರಯತ್ನವನ್ನು ಎಣಿಕೆಗೆ ಪರಿಗಣಿಸತಕ್ಕದ್ದಲ್ಲ. ಮೂರು ದಿನದೊಳಗೆ ಹೊಸ ದಿನಾಂಕ ನೀಡತಕ್ಕದ್ದು.' ತಿಳೀತಾ? ಯಾಕೋ ಇವತ್ತು ಕೈಕೊಡುತ್ತೆ ಅನ್ನಿಸಿತೋ, ಅರ್ಜಿ ಹಿಂದಕ್ಕೆ ತಗೋ. ಮೂರನೇ ನಂಬರ್ ಕಿಟಕಿ. ಇವತ್ತು ಇಪ್ಪತ್ತನಾಲ್ಕು. ಇಪ್ಪತ್ತೇಳಕ್ಕೆ ಇನ್ನೊಂದು ದಿನ ಸಿಗುತ್ತೆ. ಒಳ್ಳೆ ಇನ್ಸ್‌ಪೆಕ್ಟರಾದ್ರೆ ಅವರೇ ಹೇಳ್ತಾರೆ."

ದಾರಿಯುದ್ದಕ್ಕೂ ಹದಿನಾಲ್ಕನೇ ಕಲಮನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದೆ.

ಮೂರನೇ ಪರೀಕ್ಷೆಯ ಬಗ್ಗೆ ನಾನು ವಿನಯದಿಂದ ಹೇಳುವುದು ಕಷ್ಟ. ಅಷ್ಟು ಚೆನ್ನಾಗಿ ಓಡಿಸಿದೆ. ಗಾಡಿ ಹೊಲಿಗೆಯಂತೆ ನೇರ ಹೋಯಿತು. ಎಂಟರ ಆಕಾರದ ತಿರುವಿನಲ್ಲಿ ಒಂದು ಕಂಬವೂ ಬೀಳಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಹೊರಟೆ, ಒಂದು ಗೇಣೂ ಜಾರಲಿಲ್ಲ. ಇನ್ಸ್‌ಪೆಕ್ಟರು ಈ ಸಲ ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳುತ್ತಿದ್ದರು. "ಹೊರಡಿ." "ಎಡಕ್ಕೆ ತಿರುಗಿಸಿ." "ದಾರಿ ಬಿಡಿ." ನನಗೆ ತುಂಬ ಹಿಡಿಸಿತು. ಕೊನೆಗೆ ಬಿಳಿ ಗೆರೆಯ ಹತ್ತಿರ ನಿಲ್ಲಿಸಲು ಹೇಳಿ, ತಮ್ಮ ಕಾಗದದಲ್ಲಿ ಏನೋ ಗೀಚಿ, ತಲೆಯೆತ್ತದೆ ಹೇಳಿದರು:

"ಹಿಂದಕ್ಕೆ ತಗೊಳ್ಳಿ."

ನಾನು ಅವರ ಕಡೆ ತಿರುಗಿದೆ.

"ಯಾಕೆ ಸಾರ್, ತಪ್ಪೇನಾದ್ರೂ ಆಯ್ತಾ?"

"ತಪ್ಪೇನಿಲ್ಲ. ಚೆನ್ನಾಗೇ ಮಾಡಿದೀರಿ. ಹಿಂದಕ್ಕೆ ತಗೊಳ್ಳಿ."

"ಚೆನ್ನಾಗಿ ಮಾಡಿದ ಮೇಲೂ ತಗೋಬೇಕಾ ಸಾರ್?"

"ಎಲ್ಲರೂ ತಗೋಬೇಕು. ನಿಯಮ ಇದೆ."

"ಹದಿನಾಲ್ಕನೇದು," ಎಂದೆ.

ಅವರು ಮೊದಲ ಸಲ ನನ್ನ ಮುಖ ನೋಡಿದರು. "ಯಾವ ನಂಬರೋ ನನಗೆ ನೆನಪಿಲ್ಲ. ಹಿಂದಕ್ಕೆ ತಗೊಳ್ಳಿ."

"ಈಗಲೇ ತಗೊಳ್ಳಲಾ, ಊಟ ಆದಮೇಲೆ ತಗೊಳ್ಳಲಾ?"

"ಈಗಲೇರೀ. ನಿಮ್ಮ ಹಿಂದೆ ಇನ್ನೂ ಹನ್ನೊಂದು ಜನ ಇದಾರೆ."

"ತಗೊಂಡ್ರೆ ನನಗೆ ತೊಂದರೆ ಏನೂ ಆಗಲ್ವಲ್ಲ ಸಾರ್?"

"ನೋಡ್ಕೊಂಡು ತಗೊಂಡ್ರೆ ಏನೂ ಆಗಲ್ಲ," ಎಂದರು ಅವರು, ಪಾಪ, ಸಮಾಧಾನವಾಗಿ. "ಹೆದರಬೇಡಿ. ನಿಧಾನಕ್ಕೆ ಹಿಂದಕ್ಕೆ ತಗೊಳ್ಳಿ."

ಇಷ್ಟು ಒಳ್ಳೆಯ ಮನುಷ್ಯನನ್ನು ನಾನು ಸರ್ಕಾರಿ ಕಚೇರಿಯಲ್ಲಿ ಕಂಡಿರಲಿಲ್ಲ. ನನ್ನಲ್ಲಿ ಅವರಿಗೆ ಮಾತ್ರ ಕಂಡ ಏನೋ ಒಂದು ದೋಷ ಇರಬೇಕು, ನಪಾಸು ಮಾಡಲು ಮನಸ್ಸು ಬಾರದೆ ದಾರಿ ತೋರಿಸುತ್ತಿದ್ದಾರೆ. ನಾನು ಗಾಡಿ ಆಫ್ ಮಾಡಿದೆ. ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡೆ. ಕೈಪಿಡಿಯಲ್ಲಿ ಹಾಗೆ ಹೇಳಿದೆ. ಬೆಲ್ಟ್ ಬಿಚ್ಚಿ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ, ಅವರಿಗೆ ಕೈ ಮುಗಿದು, ಮೂರನೇ ನಂಬರ್ ಕಿಟಕಿಯ ಕಡೆಗೆ ನಡೆದೆ.

ಹಿಂದಿನಿಂದ ಅವರು ಏನೋ ಕೂಗಿದಂತಾಯಿತು. ದನಿ ಏರಿಸಿದವರಲ್ಲವಾದ್ದರಿಂದ ಅವರಿರಲಾರದು ಅಂದುಕೊಂಡೆ.

ಮೂರನೇ ಕಿಟಕಿಯ ಗುಮಾಸ್ತ ಒಂದು ಕಾಗದ ಕೊಟ್ಟ, ತುಂಬಿದೆ, ಮುದ್ರೆ ಒತ್ತಿದ. ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು. ಈ ಒಂದು ಗಂಟೆ ಪರೀಕ್ಷೆಯ ದಾರಿಯ ನಡುವೆ, ಬೀಗದ ಕೈ ಇಲ್ಲದ ಕಾರಿನಲ್ಲಿ, ಇನ್ಸ್‌ಪೆಕ್ಟರು ಕೂತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಹಿಂದಿದ್ದ ಹನ್ನೊಂದು ಜನ ಹಾರ್ನ್ ಮಾಡಿ ಮಾಡಿ, ಕೊನೆಗೆ ಇಳಿದು ಬಂದು, ಅವರ ಸಮೇತ ಕಾರನ್ನು ತಳ್ಳಿಕೊಂಡು ಹೋಗಿ ಬೇವಿನ ಮರದ ಕೆಳಗೆ ನಿಲ್ಲಿಸಿದರಂತೆ.

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ ಹುಬ್ಬು ಗಂಟಿಕ್ಕಿದಳು. "ಚೆನ್ನಾಗಿ ಓಡಿಸಿದ್ರೆ ಯಾಕೆ ಹಿಂದಕ್ಕೆ ತಗೊಳ್ಳಿ ಅಂದ್ರು?" ಎಂದು ಒಂದು ಸಲ ಕೇಳಿದಳು. ಆ ಪ್ರಶ್ನೆಯನ್ನು ಅಲ್ಲೇ ಇನ್ನೂ ಸ್ವಲ್ಪ ಕೆದಕಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಕಲಂ ಮಾವ ನನ್ನ ಬೆನ್ನು ತಟ್ಟಿ, "ನಾನು ಹೇಳಲಿಲ್ವಾ? ಒಳ್ಳೆಯವರು. ಅವರೇ ಹೇಳಿದಾರೆ," ಎಂದು ಸಂಭ್ರಮಪಟ್ಟರು.

ಇಪ್ಪತ್ತಾರಕ್ಕೆ ಕಾಗದ ಬಂತು. ಹೊಸ ದಿನಾಂಕವಲ್ಲ. 'ಪರೀಕ್ಷೆಯ ನಡುವೆ ವಾಹನವನ್ನೂ ಪರೀಕ್ಷಕರನ್ನೂ ತ್ಯಜಿಸಿ ತೆರಳಿದ್ದರಿಂದ ಅನುತ್ತೀರ್ಣ. ಇದು ಮೂರನೇ ಬಾರಿ. ಆರು ತಿಂಗಳು ಅವಕಾಶವಿಲ್ಲ.'

ಬೀದಿ ಕೊತಕೊತ ಕುದಿಯಿತು. ಈ ಬೀದಿ ನನಗೋಸ್ಕರ ಕುದಿಯುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. "ಅವನೇ ಹಿಂದಕ್ಕೆ ತಗೊಳ್ಳಿ ಅಂದು, ಅವನೇ ನಪಾಸು ಮಾಡೋದಾ?" ಎಂದ ಕ್ಷೌರಿಕ, ಕತ್ತಿ ಹಿಡಿದು, ಒಬ್ಬರ ಅರ್ಧ ಗಡ್ಡ ಹಾಗೇ ಬಿಟ್ಟು. "ನಮ್ಮ ತಮ್ಮನಿಗೆ ಹೀಗೆ ಮಾಡಿದ್ರೆ ಅವನು ಬಿಡ್ತಿರಲಿಲ್ಲ," ಎಂದಳು ಮಹಡಿ ಅತ್ತೆ. ಕಲಂ ಮಾವ ಐದು ಪುಟದ ದೂರು ಬರೆದರು. ಅದರಲ್ಲಿ ನನ್ನನ್ನು 'ಈ ನತದೃಷ್ಟ' ಎಂದು ಹದಿನಾರು ಕಡೆ ಕರೆದಿದ್ದರು. ನಲವತ್ತು ಜನ ಸಹಿ ಹಾಕಿದರು. ಮೇಡಂ ಕೂಡ ಹಾಕಿದರು, "ಒಂದನೇ ತಾರೀಖು ವ್ಯಾನ್ ಹೊರಡಲೇಬೇಕು, ಅಷ್ಟೇ ನನಗೆ ಗೊತ್ತು," ಎಂದು ಹೇಳಿಯೇ ಹಾಕಿದರು.

ಇಪ್ಪತ್ತೆಂಟಕ್ಕೆ ಹಿರಿಯ ಅಧಿಕಾರಿಗಳು ವಿಚಾರಣೆಗೆ ಕರೆದರು. ಅವರ ಕೋಣೆಯಲ್ಲಿ ಉದ್ದ ಮೇಜು, ಒಂದು ಕಡೆ ಇನ್ಸ್‌ಪೆಕ್ಟರು, ಇನ್ನೊಂದು ಕಡೆ ಕಲಂ ಮಾವ, ನಾನು, ನನ್ನ ಹೆಂಡತಿ. ಬೀದಿಯ ಉಳಿದವರು ಬಾಗಿಲ ಸಂದಿಯಲ್ಲಿ.

"ಸ್ವಾಮಿ," ಎಂದು ಮಾವ ಎದ್ದು ನಿಂತರು. "ದೂರು ಸರಳ. ಪರೀಕ್ಷಕರೇ ಹಿಂದಕ್ಕೆ ತಗೊಳ್ಳಿ ಅಂತ ಹೇಳಿ, ಈ ನತದೃಷ್ಟರು ತಗೊಂಡ ಮೇಲೆ ನಪಾಸು ಮಾಡಿದಾರೆ. ಹೇಳಿಲ್ಲ ಅಂತ ಅವರು ಹೇಳಲಿ ನೋಡೋಣ."

ಅಧಿಕಾರಿಗಳು ಇನ್ಸ್‌ಪೆಕ್ಟರ ಕಡೆ ತಿರುಗಿದರು. "ಹಿಂದಕ್ಕೆ ತಗೊಳ್ಳಿ ಅಂತ ಹೇಳಿದ್ರಾ?"

"ಹೇಳಿದೆ ಸಾರ್."

ಬಾಗಿಲ ಸಂದಿಯಲ್ಲಿ ಗುಜುಗುಜು ಎದ್ದಿತು. ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಮಾವನಿಗೂ ನಿರಾಸೆ ತಂದಂತಿತ್ತು.

"ಎಷ್ಟು ಸಲ?"

"ನಾಲ್ಕು ಸಲ ಸಾರ್. ಬೇಡಿಕೊಂಡ ಹಾಗೆ ಹೇಳಿದೆ."

"ಇವರಿಗೆ ಮಾತ್ರ ಹೇಳಿದ್ರಾ?"

"ಎಲ್ಲರಿಗೂ ಹೇಳ್ತೀನಿ ಸಾರ್. ದಿನಕ್ಕೆ ಮೂವತ್ತು ಜನಕ್ಕೆ."

"ಬರ್ಕೊಳ್ಳಿ ಸ್ವಾಮಿ," ಎಂದರು ಮಾವ. "ದಿನಕ್ಕೆ ಮೂವತ್ತು."

ಅಧಿಕಾರಿಗಳ ಮುಖ ಬಿಳಿಚಿತು. "ಏನ್ರೀ ಇದು? ನಮ್ಮ ಕಚೇರೀಲಿ ದಿನಕ್ಕೆ ಮೂವತ್ತು ಜನ ಅರ್ಜಿ ಹಿಂದಕ್ಕೆ ತಗೋತಾರಾ?"

"ಅರ್ಜಿ ಯಾಕೆ ತಗೋತಾರೆ ಸಾರ್?" ಎಂದರು ಇನ್ಸ್‌ಪೆಕ್ಟರು. "ಗಾಡಿ."

ಎಲ್ಲರಿಗಿಂತ ಮೊದಲು ಅರ್ಥವಾದದ್ದು ನನ್ನ ಹೆಂಡತಿಗೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೂ ಗೊತ್ತಾಗಲಿಲ್ಲ.

ಕಲಂ ಮಾವ ಸೋಲೊಪ್ಪುವವರಲ್ಲ. "ಹಾಗಾದ್ರೆ ರಿವರ್ಸ್ ಅನ್ನಬಹುದಿತ್ತಲ್ಲ? ಲೋಕವೆಲ್ಲ ರಿವರ್ಸ್ ಅನ್ನುತ್ತೆ."

"ನಾನೂ ಹಾಗೇ ಅಂತಿದ್ದೆ," ಎಂದರು ಇನ್ಸ್‌ಪೆಕ್ಟರು. "ಹೊಸ ಸುತ್ತೋಲೆ ಬಂದಿದೆ."

ಅಧಿಕಾರಿಗಳು ಮೇಜಿನಿಂದ ಒಂದು ಕಾಗದ ತೆಗೆದರು. "ಹೌದು. ಯಾರೋ ಒಬ್ಬರು ನಮ್ಮ ಸಲಹಾ ಪುಸ್ತಕದಲ್ಲಿ ಬರೆದಿದ್ರು. ತುಂಬ ಮನಮುಟ್ಟುವ ಹಾಗೆ ಬರೆದಿದಾರೆ. 'ಪರಭಾಷೆಯ ಪದಗಳಿಂದ ಬಡ ಅಭ್ಯರ್ಥಿಯ ಬಾಳು ಹಾಳಾಗದಿರಲಿ.' ಮೇಲಿನವರು ಓದಿ ವಾರದೊಳಗೆ ಜಾರಿಗೆ ತಂದ್ರು. ಬರೆದವರಿಗೆ ಒಂದು ಮೆಚ್ಚುಗೆ ಪತ್ರ ಕಳಿಸೋಣ ಅಂತ ಇದ್ದೆ, ಸಹಿ ಓದೋಕಾಗ್ತಿಲ್ಲ."

ಕಲಂ ಮಾವ ಸೂರು ನೋಡಿದರು. ನಾನು ನೆಲ ನೋಡಿದೆ.

"ಆಯ್ತು," ಎಂದರು ಮಾವ, ಈಗ ಸ್ವಲ್ಪ ಮೆತ್ತಗೆ. "ಪದ ತಪ್ಪು ತಿಳ್ಕೊಂಡರು, ಒಪ್ಪೋಣ. ಆದ್ರೆ ಅರ್ಜಿ ಹಿಂದಕ್ಕೆ ತಗೊಂಡಿದ್ದು ನಿಜ ತಾನೆ? ಮುದ್ರೆ ಒತ್ತಿದಾರೆ. ಹದಿನಾಲ್ಕನೇ ಕಲಂ ಪ್ರಕಾರ ಈ ಪ್ರಯತ್ನ ಎಣಿಕೆಗೆ ಬರೋ ಹಾಗಿಲ್ಲ." ಹೇಳಿ, ವಾಚನಾಲಯದ ಪ್ರತಿಯನ್ನು ತೆರೆದು ಮುಂದಿಟ್ಟರು.

ನನ್ನ ಜೀವ ಮತ್ತೆ ಬಂದು ಕೂತಿತು. ಮಾವನ ಮಾತು ನ್ಯಾಯವಾಗಿತ್ತು. ಹೆಂಡತಿಯೂ ಕೈ ತೆಗೆದು ತಲೆಯೆತ್ತಿದಳು.

"ಮುಂದಿನ ಸಾಲು ಓದಿ," ಎಂದರು ಅಧಿಕಾರಿಗಳು.

"ಮುಂದೆ ಸಾಲಿಲ್ಲ ಸ್ವಾಮಿ. ಮುಂದಿನ ಪುಟದಲ್ಲಿ ಹದಿನಾರನೇ ಕಲಂ ಇದೆ."

"ಹದಿನೈದು ಎಲ್ಲಿ ಹೋಯ್ತು?"

ಅಧಿಕಾರಿಗಳು ಪುಸ್ತಕ ತೆಗೆದುಕೊಂಡು ಹಾಳೆಯನ್ನು ಬೆರಳಲ್ಲಿ ಉಜ್ಜಿದರು. ದಪ್ಪವಿತ್ತು. ಎರಡು ಹಾಳೆ ಒಂದಾಗಿದ್ದವು. ಉಗುರಿನಿಂದ ಎಬ್ಬಿಸಲು ನೋಡಿದರು, ಆಗಲಿಲ್ಲ. ಇನ್ಸ್‌ಪೆಕ್ಟರು ಸ್ಕೇಲು ಕೊಟ್ಟರು, ಅದೂ ಆಗಲಿಲ್ಲ. ಕೊನೆಗೆ ತಮ್ಮ ಕಚೇರಿಯ ಪ್ರತಿ ತರಿಸಿ ಓದಿದರು: "'ಆದರೆ ವಾಹನವು ಒಮ್ಮೆ ಚಲಿಸಿದ ನಂತರ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶವಿರತಕ್ಕದ್ದಲ್ಲ.'"

ಆಮೇಲೆ ನಮ್ಮ ಪ್ರತಿಯನ್ನು ಬೆಳಕಿಗೆ ಹಿಡಿದು, "ಯಾರ್ರೀ ಇದನ್ನ ಅಂಟಿಸಿದ್ದು?" ಎಂದರು. "ಎಂಥ ಕೆಲಸ. ಬಿಟ್ಕೊಳ್ಳೋದೇ ಇಲ್ಲವಲ್ಲ."

ಹತ್ತೊಂಬತ್ತು ವರ್ಷದಲ್ಲಿ ಒಬ್ಬ ದೊಡ್ಡ ಅಧಿಕಾರಿ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ನಾನು ಎರಡೂ ಕೈ ಎತ್ತಿದೆ.

ಹೊರಗೆ ಬರುವಾಗ ಇನ್ಸ್‌ಪೆಕ್ಟರು ಜೊತೆಗೇ ಮೆಟ್ಟಿಲಿಳಿದರು. "ನನಗೂ ಬೇಜಾರಾಗಿದೆ," ಎಂದರು. "ಎಲ್ಲ ಸರಿಯಾಗಿತ್ತು. ಹಿಂದಕ್ಕೆ ಹತ್ತು ಅಡಿ. ಅಷ್ಟೇ ಬಾಕಿ ಇತ್ತು." ಸ್ವಲ್ಪ ದೂರ ಹೋಗಿ ತಿರುಗಿ ಬಂದು, "ಆ ಬೀಗದ ಕೈ ನಿಮ್ಮ ಹತ್ರಾನೇ ಇದೆಯಾ?" ಎಂದು ಕೇಳಿದರು. ಜೇಬಿನಿಂದ ತೆಗೆದು ಕೊಟ್ಟೆ.

ಮನೆ ಬಾಗಿಲು ತೆಗೆದ ಹೆಂಡತಿ ಮೆಷಿನ್ನಿನ ಮುಂದೆ ಕೂತು, ಹೊಲಿಯದೆ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇದ್ದಳು. "ದಾರ ಹರೀದ ಹಾಗೆ ಕಲಿತಿದ್ರಿ," ಎಂದಳು. ಅವಳು ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮೇಡಂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವ್ಯಾನಿಗೆ ಮೂರು ದಿನದಲ್ಲಿ ಎಲ್ಲಿಂದ ಜನ ತರುವುದು ಎಂದು ಅವರು ಗಟ್ಟಿಯಾಗಿ ಹೇಳಿಕೊಂಡದ್ದಕ್ಕೆ ಕೌಂಟರಿನಲ್ಲಿ ನಿದ್ದೆರಾಯನಿಗೆ ಎಚ್ಚರವಾಯಿತು.

"ಯಾವ ವ್ಯಾನು?" ಎಂದ. ವಿಷಯ ಹೇಳಿದೆವು. ಅವನು ಆಕಳಿಸಿ, ಜೇಬಿನಿಂದ ಒಂದು ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟ. ಹನ್ನೊಂದು ವರ್ಷ ಹಳೆಯದು. ಲಾರಿಯನ್ನೂ ಓಡಿಸಬಹುದೆಂದು ಬರೆದಿತ್ತು.

"ಇಷ್ಟು ದಿನ ಹೇಳಲಿಲ್ಲ ಯಾಕೆ?" ಎಂದರು ಮೇಡಂ.

"ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ," ಎಂದ ನಿದ್ದೆರಾಯ.

ಒಂದನೇ ತಾರೀಖು ಬೆಳಗ್ಗೆ ನಾನು ಬಸ್ಸಿಗೆ ಹೊರಟೆ. ಒಂದು ಚೀಲ, ಒಂದು ಅಂಟಿನ ಡಬ್ಬಿ. ಹೆಂಡತಿ ಚೀಲ ಹಿಡಿದು ಜೊತೆಗೆ ಬಂದಳು. ದಾರಿ ವಾಚನಾಲಯದ ಮುಂದೆಯೇ ಹೋಗುತ್ತದೆ. ಗೇಟಿನೊಳಗೆ ವ್ಯಾನು ನಿಂತಿತ್ತು, ಹೊಸ ಬಣ್ಣ, ಒಳಗೆ ನಾನು ಬೆನ್ನು ಕಟ್ಟಿದ ಪುಸ್ತಕಗಳು ಸಾಲಾಗಿ. ನಿದ್ದೆರಾಯ ಸ್ಟೀರಿಂಗ್ ಹಿಡಿದಿದ್ದ. ಇಡೀ ಬೀದಿ ನೋಡಲು ಬಂದಿತ್ತು. ಕಲಂ ಮಾವ ನನ್ನನ್ನು ಕಂಡು ಕೆಮ್ಮಲು ಹೋಗಿ ಸುಮ್ಮನಾದರು.

ಮುಂದೆ ಗೋಡೆ ಇದ್ದುದರಿಂದ ವ್ಯಾನು ಹಿಂದಿನಿಂದಲೇ ಹೊರಬರಬೇಕಿತ್ತು. ಗೇಟು ಕಿರಿದು. ಮೇಡಂ ಸುತ್ತ ನೋಡಿ, ನನ್ನನ್ನು ಕಂಡು, "ನೀವು ಸ್ವಲ್ಪ ಹಿಂದೆ ನಿಂತು ಹೇಳಿ," ಎಂದರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಹತ್ತಿರ ನಾನೇ ಇದ್ದೆ, ಅಷ್ಟೇ.

ನಾನು ಹೋಗಿ ಗೇಟಿನ ನಡುವೆ ನಿಂತೆ. ನಿದ್ದೆರಾಯ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಮಾತಿಗೆ ಕಾದ. ಬೀದಿಯೂ ಕಾಯಿತು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಹೇಳಿದೆ:

"ಹಿಂದಕ್ಕೆ ತಗೊಳ್ಳಿ."

ತೆಗೆದುಕೊಂಡ. ಹತ್ತೇ ಅಡಿ. ಒಂದು ಸಲ ಹೇಳಿದ್ದೇ ಅವನಿಗೆ ಸಾಕಾಯಿತು. ಜನ ಚಪ್ಪಾಳೆ ತಟ್ಟಿದರು, ವ್ಯಾನು ತಿರುಗಿ ಹೊರಟುಹೋಯಿತು.

ಬಸ್ ನಿಲ್ದಾಣದವರೆಗೆ ಹೆಂಡತಿ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಬಸ್ಸು ಬಂತು, ಜನ ಹತ್ತಿದರು, ಕಂಡಕ್ಟರ್ ಎರಡು ಸಲ ಸೀಟಿ ಊದಿದ. "ಶನಿವಾರ ಬರ್ತೀರಲ್ಲ," ಎಂದಳು. "ಬರ್ತೀನಿ," ಎಂದೆ. ಆದರೂ ಅವಳು ಚೀಲ ಬಿಡಲಿಲ್ಲ. ಕೊನೆಗೆ ನಾನೇ ಅವಳ ಕೈಯಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡೆ.